ಬರ್ಲಿ, ಬರ್ಲಿ... ಹೋಲ್ಡಾನ್! - ನಮ್ಮ ಓಣಿ ರಸ್ತೆಗಳಲ್ಲಿ ರಿವರ್ಸ್ ಬಂದವರ ಚರಿತ್ರೆ

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಲೇಬೇಕು ಎಂದು ಸಂಪಾದಕ ಮಂಡಳಿಯವರು ಹಟ ಹಿಡಿದರು. ಷೇರು ಬಂಡವಾಳ, ಬೆಳೆಸಾಲ, ವಸೂಲಾತಿ, ಲಾಭ ನಷ್ಟ ಇವುಗಳ ಬಗ್ಗೆ ಬರೆಯಲು ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿಗಳಿದ್ದಾರೆ. ಅಂಕಿಅಂಶ ಅವರ ಕೈಯಲ್ಲಿದೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಟಿಲ್ಲರ್, ಟ್ರ್ಯಾಕ್ಟರ್, ಪಿಕಪ್ಪು ಓಡಿಸಿಕೊಂಡು ಬಂದವನು. ಆದ್ದರಿಂದ ನನಗೆ ಗೊತ್ತಿರುವ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಟಾರು ರಸ್ತೆಯಿಂದ ನಮ್ಮ ಸಂಘದ ಗೋದಾಮಿಗೆ ಬರುವ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಕಡೆ ದರೆ, ಇನ್ನೊಂದು ಕಡೆ ತೋಟ ಅಥವಾ ಗದ್ದೆ. ಮಲೆನಾಡಿನಲ್ಲಿ ಇಂಥ ದಾರಿ ಊರೂರಿಗೂ ಉಂಟು. ಇಲ್ಲಿ ಎರಡು ವಾಹನ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕು, ಬೇರೆ ದಾರಿಯಿಲ್ಲ. ಹಾಗೆ ಹಿಂದಕ್ಕೆ ಹೋಗುವ ಕೆಲಸ ಎತ್ತಿನ ಗಾಡಿಯ ಕಾಲದಿಂದ ಇವತ್ತಿನವರೆಗೆ ಹೇಗೆ ನಡೆದು ಬಂತು ಎಂಬುದೇ ಈ ಲೇಖನ. ಇದೂ ಒಂದು ಚರಿತ್ರೆಯಾ ಅಂತ ಕೆಲವರು ನಗಬಹುದು. ನಗುವವರು ಮೇ ತಿಂಗಳ ಕೊನೆಯಲ್ಲಿ ಒಂದು ಸಲ ಗೊಬ್ಬರದ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಟಾರು ರಸ್ತೆಯಿಂದ ಗೋದಾಮಿನವರೆಗೆ ಬಂದು ನೋಡಲಿ, ಆಮೇಲೆ ಮಾತಾಡೋಣ.

ಮೊದಲು ಓಣಿ ಅನ್ನುವ ಮಾತನ್ನೇ ತೆಗೆದುಕೊಳ್ಳಿ. ಪೇಟೆಯವರಿಗೆ ಓಣಿ ಅಂದರೆ ಎರಡು ಸಾಲು ಮನೆಗಳ ನಡುವಿನ ಬೀದಿ. ನಮಗೆ ಓಣಿ ಅಂದರೆ ಎರಡು ದರೆಗಳ ನಡುವೆ ತಗ್ಗಾಗಿ ಹೋಗುವ ದಾರಿ. ಈ ತಗ್ಗನ್ನು ಯಾವ ಇಂಜಿನಿಯರೂ ಅಗೆಸಿದ್ದಲ್ಲ. ಗಾಡಿಯ ಕಬ್ಬಿಣದ ಪಟ್ಟಿ ಹಾಕಿದ ಚಕ್ರ ಮಣ್ಣನ್ನು ಅರೆಯಿತು, ಅರೆದ ಮಣ್ಣನ್ನು ಮಳೆಗಾಲದ ನೀರು ಕೊಚ್ಚಿಕೊಂಡು ಹೋಯಿತು. ತಲೆಮಾರುಗಟ್ಟಲೆ ಹೀಗೆ ನಡೆದು ದಾರಿ ಕೆಳಗಿಳಿಯಿತು, ದರೆ ಮೇಲೆದ್ದಿತು. ಅಗಲ ಒಂದು ಗಾಡಿಗೆ ಎಷ್ಟು ಬೇಕೋ ಅಷ್ಟೇ. ನಮ್ಮ ರಸ್ತೆ ಕಿರಿದಾಗಿರುವುದಕ್ಕೆ ಸರ್ಕಾರವನ್ನು ಬಯ್ಯುವ ಮುಂಚೆ ಅದರ ಅಳತೆ ತೆಗೆದವು ನಮ್ಮ ಅಜ್ಜಂದಿರ ಎತ್ತುಗಳು ಎಂಬುದನ್ನು ನೆನಪಿಡಬೇಕು.

ಎತ್ತಿಗೆ ಹಿಂದಕ್ಕೆ ಹೋಗುವ ಅಭ್ಯಾಸವಿಲ್ಲ. ನೊಗ ಇರುವುದು ಮುಂದಕ್ಕೆ ಎಳೆಯುವುದಕ್ಕೆ. ಹಿಂದೆ ಸರಿಯುವಾಗ ಅದು ಕೊರಳಿಂದ ಜಾರಿ ಕೊಂಬಿನ ಕಡೆಗೆ ಬರುತ್ತದೆ. ಹಗ್ಗ ಜಗ್ಗಿ, ಮೂಕಿ ಹಿಡಿದು, "ಹಿಂದೆ, ಹಿಂದೆ" ಅಂತ ಬಾಯಲ್ಲಿ ಹೇಳುತ್ತಾ ನಾಲ್ಕು ಮಾರು ಸರಿಸುವಷ್ಟರಲ್ಲಿ ಗಾಡಿ ಹೊಡೆಯುವವನ ಬೆನ್ನು ಬೆವರುತ್ತಿತ್ತು. ತುಂಬಿದ ಗಾಡಿಯಾದರೆ ಅದೂ ಆಗದು. ಎತ್ತು ಬಿಚ್ಚಿ, ನಾಲ್ಕು ಜನ ಚಕ್ರಕ್ಕೆ ಕೈಕೊಟ್ಟು ತಳ್ಳಬೇಕು. ಅದಕ್ಕೇ ಹಿರಿಯರು ಹಿಂದೆ ಹೋಗುವ ಪ್ರಸಂಗವೇ ಬಾರದ ಹಾಗೆ ನೋಡಿಕೊಳ್ಳುತ್ತಿದ್ದರು. ಎತ್ತಿನ ಕೊರಳಿಗೆ ಗೆಜ್ಜೆ, ಗಂಟೆ ಕಟ್ಟುವುದು ಅಲಂಕಾರಕ್ಕೆ ಮಾತ್ರ ಅಂತ ನಾವು ತಿಳಿದಿದ್ದೇವೆ. ಓಣಿಯ ಆ ತುದಿಯಲ್ಲಿ ಗಂಟೆ ಕೇಳಿದರೆ ಈ ತುದಿಯವನು ಅಗಲ ಇರುವ ಜಾಗದಲ್ಲಿ ಗಾಡಿ ನಿಲ್ಲಿಸಿ ಕಾಯುತ್ತಿದ್ದ. ಆದರೂ ಎದುರಾದರೆ, ಖಾಲಿ ಗಾಡಿ ತುಂಬಿದ ಗಾಡಿಗೆ ದಾರಿ ಬಿಡಬೇಕು. ಇದು ಬರೆದಿಟ್ಟ ಕಾನೂನಲ್ಲ. ಇವತ್ತು ನೀನು ಖಾಲಿ, ನಾಳೆ ನಾನು ಖಾಲಿ, ಅಷ್ಟೇ ಲೆಕ್ಕ.

ಓಣಿಯ ನಡುನಡುವೆ ಅಗಲವಾದ ಜಾಗಗಳು ಇರುತ್ತಿದ್ದವು. ಮನೆಯ ದಣಪೆಯ ಎದುರು, ಕೆರೆ ಏರಿ ಶುರುವಾಗುವಲ್ಲಿ, ದೊಡ್ಡ ಮರದ ಬುಡದಲ್ಲಿ. ಈಗ ಅದಕ್ಕೆ ನಾವು "ಸೈಡ್ ಕೊಡೋ ಜಾಗ" ಅನ್ನುತ್ತೇವೆ. ಈ ಜಾಗದ ಮಾತು ಮುಂದೆ ಬರುತ್ತದೆ, ಓದುಗರು ಮರೆಯಬಾರದು.

ಮೋಟಾರು ಬಂತು. ಕೆಳಗೆ ದಕ್ಷಿಣ ಕನ್ನಡದಲ್ಲಿ 1914ರಷ್ಟು ಹಿಂದೆಯೇ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಮಂಗಳೂರಿಂದ ಬಂಟ್ವಾಳಕ್ಕೆ ಬಸ್ಸು ಬಿಟ್ಟಿತು. ಹಳೆಯ ಮೈಸೂರು ಸಂಸ್ಥಾನದ ಕಡೆ ಸರ್ಕಾರಿ ಬಸ್ಸಿನ ಇಲಾಖೆ ಶುರುವಾದದ್ದು 1948ರಲ್ಲಿ, ಅದು ನಿಗಮವಾದದ್ದು 1961ರಲ್ಲಿ. ಆದರೆ ಮಲೆನಾಡಿನ ಒಳಗಿನ ಊರುಗಳಿಗೆ ಬಹುಕಾಲ ಗತಿಯಾಗಿದ್ದವು ಖಾಸಗಿ ಕಂಪನಿ ಬಸ್ಸುಗಳೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ಇದ್ದಿಲು ಉರಿಸಿ ಅದರ ಗ್ಯಾಸಿನಿಂದ ಬಸ್ಸು ಓಡಿಸಿದರು. ಆ ಗ್ಯಾಸಿನ ಒಲೆಯನ್ನು ಬಸ್ಸಿನ ಹಿಂಭಾಗಕ್ಕೆ ಕಟ್ಟಿರುತ್ತಿದ್ದರು. ಇಂಜಿನ್ನಿಗೆ ಬಲ ಕಡಿಮೆ, ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಹಿಂದೆ ಕೆಂಡದ ಒಲೆ ಇಟ್ಟುಕೊಂಡು ಓಣಿಯಲ್ಲಿ ರಿವರ್ಸ್ ಬರುವವನ ಎದೆ ಎಷ್ಟು ಗಟ್ಟಿ ಇರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಾನು ಕಣ್ಣಾರೆ ಕಂಡದ್ದು ಅದರ ನಂತರದ ಬಸ್ಸುಗಳನ್ನು. ಶಾಲೆಗೆ ಹೋಗುವಾಗ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಪವರ್ ಸ್ಟೇರಿಂಗ್ ಅಂತ ಒಂದು ಇದೆ ಎಂಬುದೇ ಆಗ ಗೊತ್ತಿರಲಿಲ್ಲ. ನಿಂತ ಬಸ್ಸಿನ ಸ್ಟೇರಿಂಗ್ ತಿರುಗಿಸಬೇಕಾದರೆ ಡ್ರೈವರ್ ಸೀಟಿನಿಂದ ಅರ್ಧ ಎದ್ದು ನಿಲ್ಲುತ್ತಿದ್ದರು. ತಿಳಿದ ಡ್ರೈವರು ನಿಂತಲ್ಲೇ ತಿರುಗಿಸುತ್ತಿರಲಿಲ್ಲ, ಗಾಡಿ ಒಂದು ಗೇಣು ಉರುಳುತ್ತಿರುವಾಗ ತಿರುಗಿಸುತ್ತಿದ್ದರು. ಆಗ ತೋಳಿಗೂ ಹಗುರ, ಟಯರಿಗೂ ಒಳ್ಳೆಯದು. ರಿವರ್ಸ್ ಗೇರು ಹಾಕಲು ಗಾಡಿ ಪೂರ್ತಿ ನಿಲ್ಲಲೇಬೇಕು. ಅವಸರ ಮಾಡಿದರೆ ಹಲ್ಲು ಕಡಿದ ಹಾಗೆ ಗೇರುಬಾಕ್ಸ್ ಕಿರುಚುತ್ತಿತ್ತು, ಬಸ್ಸಿನಲ್ಲಿದ್ದವರೆಲ್ಲ "ಹೊಸಬ" ಅಂತ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಡ್ರೈವರು ಕೂರುವುದು ಬಲಗಡೆ. ಬಲಗಡೆಯ ಹಿಂದಿನ ಚಕ್ರ ಅವರು ತಲೆ ಹೊರಗೆ ಹಾಕಿದರೆ ಕಾಣುತ್ತದೆ. ಎಡಗಡೆ ಏನಾಗುತ್ತಿದೆ ಎಂಬುದು ಕನ್ನಡಿಯಲ್ಲಿ ಕಂಡಷ್ಟೇ. ಆ ಎಡಗಡೆಯ ಕಣ್ಣು ಕ್ಲೀನರ್. ಅವನು ಹಿಂದಿನ ಏಣಿಯಿಂದ ಹಾರಿ ಇಳಿದು, ಬಸ್ಸಿನ ಎಡ ಹಿಂಮೂಲೆಯಿಂದ ಸ್ವಲ್ಪ ಆಚೆಗೆ ನಿಲ್ಲುತ್ತಿದ್ದ. ಬಸ್ಸಿನ ನೇರ ಹಿಂದೆ ಎಂದೂ ನಿಲ್ಲಬಾರದು. ಕನ್ನಡಿಯಲ್ಲಿ ನಿನಗೆ ಡ್ರೈವರ್ ಮುಖ ಕಾಣದಿದ್ದರೆ ಅವರಿಗೂ ನೀನು ಕಾಣುವುದಿಲ್ಲ, ಇದು ಕ್ಲೀನರಿಗೆ ಹೇಳಿಕೊಡುವ ಮೊದಲ ಪಾಠ. ಅಲ್ಲಿಂದ ಅವನ ರಾಗ ಶುರು. "ಬರ್ಲಿ, ಬರ್ಲಿ, ಬರ್ಲಿ... ಸ್ವಲ್ಪ ಲೆಫ್ಟ್ ಕಟ್... ಸಾಕ್ ಸಾಕ್, ಸೀದಾ ಮಾಡಿ... ಬರ್ಲಿ... ಹೋಲ್ಡಾನ್!" ಜೊತೆಗೆ ಬಸ್ಸಿನ ತಗಡಿಗೆ ಅಂಗೈಯಿಂದ ತಟ್ಟುವುದು. ಬಿಡದೆ ತಟ್ಟುತ್ತಿದ್ದರೆ ಬರಬಹುದು, ಒಂದೇ ಏಟು ಜೋರಾಗಿ ಬಿದ್ದರೆ ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯವಾದ ಕಟ್ಟಲೆ ಏನೆಂದರೆ ದನಿ ನಿಂತರೆ ಬ್ರೇಕು. ಕ್ಲೀನರ್ ಎಡವಿ ಬಿದ್ದಿರಬಹುದು, ಚರಂಡಿಗೆ ಇಳಿದಿರಬಹುದು. ಸುಮ್ಮನಾದರೆ ಸಾಕು, ಡ್ರೈವರು ಒಂದು ಅಂಗುಲವೂ ಬರುತ್ತಿರಲಿಲ್ಲ. ಏರಿನಲ್ಲಾದರೆ ಕ್ಲೀನರ್ ಕೈಯಲ್ಲಿ ಮರದ ಒಂದು ತುಂಡು ಇರುತ್ತಿತ್ತು, ನಿಂತ ಕೂಡಲೇ ಚಕ್ರಕ್ಕೆ ಕೊಡಲು.

ರಿವರ್ಸ್ ಬರುವಾಗ ಹಿಂದಿನದನ್ನು ಮಾತ್ರ ನೋಡಿದರೆ ಸಾಲದು. ಗಾಡಿ ಹಿಂದಕ್ಕೆ ತಿರುಗುವಾಗ ಅದರ ಮೂತಿ ಇನ್ನೊಂದು ಕಡೆಗೆ ಅಗಲವಾಗಿ ಬೀಸುತ್ತದೆ. ಹಿಂದೆ ಚರಂಡಿ ಉಳಿಸಿಕೊಂಡೆ ಅಂತ ಸಂತೋಷಪಡುವಷ್ಟರಲ್ಲಿ ಮುಂದಿನ ಮೂಲೆ ದರೆಗೆ ತಗುಲಿರುತ್ತದೆ. ಓಣಿಯ ದರೆಗಳಲ್ಲಿ ಬಂಪರು ಗೀಚಿದ ಗುರುತು ಎಲ್ಲೆಲ್ಲಿ ಇದೆ ನೋಡಿ, ಹೆಚ್ಚಿನವು ರಿವರ್ಸಿನಲ್ಲಿ ಆದದ್ದೇ.

ಪ್ರಯಾಣಿಕರೂ ಸುಮ್ಮನೆ ಕೂರುತ್ತಿರಲಿಲ್ಲ. ಕಿಟಕಿ ಪಕ್ಕದವರು ಆ ಕಡೆ ಎಷ್ಟು ಗೇಣು ಉಳಿದಿದೆ ಅಂತ ಕೂಗಿ ಹೇಳುತ್ತಿದ್ದರು. ಕೆಲವರು ಇಳಿದು ಎದುರಿನಿಂದ ಬರುವ ಲಾರಿಯನ್ನು ತಿರುವಿನಲ್ಲೇ ತಡೆದು ನಿಲ್ಲಿಸುತ್ತಿದ್ದರು. ಎದುರಾದವರಿಬ್ಬರೂ ಡ್ರೈವರುಗಳು ಮೊದಲು ಇಂಜಿನ್ ಬಂದ್ ಮಾಡಿ ಒಂದು ಮಾತಾಡುತ್ತಿದ್ದರು. "ಏನಣ್ಣಾ, ನಿಮ್ಮ ಹಿಂದೆ ಜಾಗ ಎಷ್ಟು ದೂರ?" "ಮೋರಿ ಹತ್ರ ಇದೆ ಮಾರಾಯ್ರೆ, ನೀವು ನಿಲ್ಲಿ, ನಾನೇ ಹೋಗ್ತೆ." ಯಾರ ಹಿಂದೆ ಜಾಗ ಹತ್ತಿರವೋ ಅವರು ಹೋಗುವುದು. ಈಗಿನ ಹಾಗೆ ಹಾರ್ನ್ ಮೇಲೆ ಕೈ ಇಟ್ಟುಕೊಂಡು ಕೂರುವ ಸಂಪ್ರದಾಯ ಇರಲಿಲ್ಲ.

ಸಹಕಾರಿ ಸಂಘದ ಸಂಚಿಕೆಯಾದ್ದರಿಂದ ಇಲ್ಲೊಂದು ಮಾತು ಹೇಳಲೇಬೇಕು. ಕೊಪ್ಪದಲ್ಲಿ ಶಂಕರ್ ಕಂಪನಿ ಬಸ್ಸುಗಳು ನಿಂತುಹೋದಾಗ ಅಲ್ಲಿನ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಷೇರುದಾರರು. ಬೆರಳೆಣಿಕೆಯ ಬಸ್ಸುಗಳಿಂದ ಹೊರಟು ಎಪ್ಪತ್ತು ಬಸ್ಸುಗಳನ್ನು ದಾಟಿ ಬೆಳೆದ ಆ ಸಂಸ್ಥೆ ಇಡೀ ದೇಶಕ್ಕೆ ಮಾದರಿ ಅನಿಸಿಕೊಂಡಿತ್ತು. ಬೇರೆ ಬಸ್ಸು ಹೋಗಲು ಒಪ್ಪದ ಒಳದಾರಿಗಳಿಗೆ ಅವರು ಬಸ್ಸು ಬಿಟ್ಟರು. ಕೊನೆಯ ನಿಲ್ದಾಣದಲ್ಲಿ ತಿರುಗಿಸಲು ಜಾಗವಿಲ್ಲದ ಊರುಗಳು ಮಲೆನಾಡಿನಲ್ಲಿ ಬೇಕಾದಷ್ಟು. ಅಂಥ ಕಡೆ ಯಾರದೋ ಮನೆಯ ಅಂಗಳದ ತುದಿಗೆ ಬಸ್ಸಿನ ಹಿಂಭಾಗ ನುಗ್ಗಿಸಿ ತಿರುಗಿಸಿಕೊಂಡು ಬರುವುದು ದಿನನಿತ್ಯದ ಕೆಲಸ. ನಷ್ಟ ಹೊರಲಾರದೆ 2020ರ ಫೆಬ್ರುವರಿಯಲ್ಲಿ ಆ ಬಸ್ಸುಗಳು ನಿಂತವು. ಬಸ್ಸು ನಿಂತದ್ದಷ್ಟೇ ಅಲ್ಲ, ಈ ಓಣಿಗಳನ್ನು ಅಂಗೈ ಗೆರೆಯ ಹಾಗೆ ತಿಳಿದಿದ್ದ ಒಂದು ಪೀಳಿಗೆಯ ಡ್ರೈವರುಗಳು ಚದುರಿಹೋದರು. ಕೆಲವರು ಶಾಲಾ ವಾಹನ ಓಡಿಸುತ್ತಿದ್ದಾರೆ, ಕೆಲವರು ತೋಟದ ಕೆಲಸಕ್ಕೆ ಸೇರಿದರು. ಸಹಕಾರಿಗಳಾದ ನಮಗೆ ಇದು ಸಣ್ಣ ನಷ್ಟವಲ್ಲ.

ಘಾಟಿಯ ಮಾತು ಎತ್ತಿದರೆ ಆಗುಂಬೆಯನ್ನು ಬಿಡುವ ಹಾಗಿಲ್ಲ. ಮೇಲಿನ ಆಗುಂಬೆಯಿಂದ ಕೆಳಗಿನ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವುಗಳು. ಉದ್ದದ ಗಾಡಿ ಅಲ್ಲಿ ಒಂದೇ ಏಟಿಗೆ ತಿರುಗುವುದಿಲ್ಲ. ಮುಂದೆ ಹೋಗಿ, ನಿಂತು, ಒಂದು ಸಲ ಹಿಂದೆ ಬಂದು, ಮತ್ತೆ ಮುಂದೆ ಹೋಗಬೇಕು. ಹಿಂದೆ ಬರುವಾಗ ಬೆನ್ನಿಗೆ ಕಣಿವೆ. ಈ ಕಾರಣದಿಂದಲೇ ಅಲ್ಲಿ ಮಿನಿ ಬಸ್ಸುಗಳೇ ಬಹುಕಾಲದಿಂದ ಆಳಿಕೊಂಡು ಬಂದಿವೆ.

ಏರಿನ ರಸ್ತೆಯಲ್ಲಿ ಎದುರಾದರೆ ಯಾರು ಹಿಂದೆ ಹೋಗಬೇಕು? ಇದರ ಬಗ್ಗೆ ನಮ್ಮ ಊರಿನಲ್ಲಿ ಜಗಳ ಆಗದ ವರ್ಷವಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಕೆಳಗೆ 1989ರಲ್ಲಿ ರಸ್ತೆಯ ನಿಯಮಗಳು ಬಂದವು. ಬೆಟ್ಟದ ರಸ್ತೆಯಲ್ಲಿ ಎರಡು ವಾಹನ ಸರಾಗವಾಗಿ ದಾಟುವಷ್ಟು ಅಗಲ ಇಲ್ಲದಿದ್ದರೆ ಇಳಿಯುವವನು ಪಕ್ಕಕ್ಕೆ ನಿಲ್ಲಿಸಿ ಹತ್ತುವವನಿಗೆ ದಾರಿ ಬಿಡಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. 2017ರಲ್ಲಿ ಆ ನಿಯಮಗಳ ಬದಲಿಗೆ ಹೊಸ ನಿಯಮ ಬಂದರೂ ಹತ್ತುವವನ ಹಕ್ಕು ಉಳಿದಿದೆ. ಹಲವರು ಇದನ್ನು ಮರ್ಯಾದೆಯ ಪ್ರಶ್ನೆ ಅಂದುಕೊಂಡಿದ್ದಾರೆ. ಇದು ಭಾರದ ಪ್ರಶ್ನೆ. ಹತ್ತುವವನು ಹಿಂದೆ ಬಂದರೆ ಅವನು ಇಳಿಜಾರಿಗೆ ಬೆನ್ನು ಕೊಟ್ಟು ಇಳಿಯುತ್ತಾನೆ. ಲೋಡಿನ ಭಾರವೇ ಗಾಡಿಯನ್ನು ಎಳೆಯುತ್ತದೆ. ಬ್ರೇಕು ಒಂದು ಕ್ಷಣ ತಡವಾದರೆ ಮುಗಿಯಿತು. ಇಳಿಯುವವನು ಹಿಂದೆ ಹೋದರೆ ಅವನು ಏರು ಹತ್ತುತ್ತಾನೆ. ಎಕ್ಸಲೇಟರ್ ಬಿಟ್ಟರೆ ಗಾಡಿ ತಾನಾಗಿ ನಿಧಾನವಾಗುತ್ತದೆ, ಬ್ರೇಕ್ ಮುಟ್ಟಿದರೆ ನಿಲ್ಲುತ್ತದೆ. ಹಿಂದೆ ಹೋಗುವುದಾದರೆ ಏರಿನ ಕಡೆಗೆ ಹೋಗುವುದೇ ಕ್ಷೇಮ. ಹತ್ತುವವನು ಒಮ್ಮೆ ನಿಂತರೆ ಮತ್ತೆ ಹೊರಡುವುದೂ ಕಷ್ಟ, ಕ್ಲಚ್ ಸುಟ್ಟ ವಾಸನೆ ಎಲ್ಲರಿಗೂ ಪರಿಚಯವೇ.

ಅದೇ 1989ರ ನಿಯಮಗಳಲ್ಲಿ ಇನ್ನೊಂದು ತಮಾಷೆಯೂ ಇತ್ತು. ವಾಹನವನ್ನು ತಿರುಗಿಸಿಕೊಳ್ಳಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ದೂರ ಹಿಂದಕ್ಕೆ ಓಡಿಸಬಾರದು, ರೋಡ್ ರೋಲರಿಗೆ ಮಾತ್ರ ವಿನಾಯಿತಿ! ಪೇಟೆಯ ರಸ್ತೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಈ ಅಕ್ಷರ ಹಿಡಿದುಕೊಂಡಿದ್ದರೆ ಮಲೆನಾಡಿನ ಡ್ರೈವರುಗಳೆಲ್ಲ ದಂಡ ಕಟ್ಟಬೇಕಿತ್ತು. ಇಂಗ್ಲೆಂಡಿನಲ್ಲೂ ನಮ್ಮ ಓಣಿಯಂಥ ಹಳ್ಳಿ ರಸ್ತೆಗಳು ಇವೆ, ಎರಡು ಕಡೆಯೂ ಬೇಲಿ. ಅಲ್ಲಿನ ಹೈವೇ ಕೋಡ್ ಪುಸ್ತಕದಲ್ಲಿ ಒಂಟಿ ದಾರಿಯಲ್ಲಿ ಎದುರಾದರೆ ಹತ್ತುವವರಿಗೆ ದಾರಿ ಬಿಡಿ, ಬೇಕಾದರೆ ಸೈಡ್ ಕೊಡುವ ಜಾಗದವರೆಗೆ ರಿವರ್ಸ್ ಹೋಗಿ ಎಂದೇ ಬರೆದಿದ್ದಾರೆ. ನಮ್ಮಲ್ಲಿ ಲೈಸೆನ್ಸ್ ಪರೀಕ್ಷೆಗೆ ಕಿರಿದಾದ ಜಾಗದೊಳಗೆ ಎಡಕ್ಕೋ ಬಲಕ್ಕೋ ಹಿಡಿತ ತಪ್ಪದೆ ರಿವರ್ಸ್ ಬರಬೇಕು ಎಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಆದರೆ ಮೈದಾನದಲ್ಲಿ ಕಂಬ ನೆಟ್ಟು ಹತ್ತು ಮಾರು ಬರುವುದೇ ಬೇರೆ, ಜುಲೈ ತಿಂಗಳ ಮಳೆಯಲ್ಲಿ ಪಾಚಿಗಟ್ಟಿದ ದಾರಿಯಲ್ಲಿ ಇನ್ನೂರು ಮಾರು ಬರುವುದೇ ಬೇರೆ.

ಇನ್ನು ನಮ್ಮ ರೈತರ ಸ್ವಂತ ವಿದ್ಯೆಗೆ ಬರುತ್ತೇನೆ. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ರಿವರ್ಸ್ ಬರುವುದು ಕಾರು ಬಸ್ಸಿಗಿಂತ ಬೇರೆಯೇ ಜಾತಿಯ ಕೆಲಸ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕು. ಕೊಂಡಿಯ ಜಾಗದಲ್ಲಿ ಎರಡೂ ಮುರಿಯುತ್ತದೆ. ಮುರಿಯಲು ಶುರುವಾದ ಕೂಡಲೇ ಸ್ಟೇರಿಂಗನ್ನು ಎಡಕ್ಕೆ ತಂದು ಟ್ರೇಲರನ್ನು ಹಿಂಬಾಲಿಸಬೇಕು. ತಡಮಾಡಿದರೆ ಮಡಚಿದ ಚೂರಿಯ ಹಾಗೆ ಟ್ರೇಲರ್ ಬಂದು ದೊಡ್ಡ ಚಕ್ರಕ್ಕೆ ಒರಗುತ್ತದೆ. ಆಗ ಒಂದೇ ಉಪಾಯ, ಮುಂದೆ ಎಳೆದು ನೇರ ಮಾಡಿಕೊಂಡು ಹೊಸದಾಗಿ ಶುರುಮಾಡುವುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೂರು ಸಲ ಮುಂದೆ ಎಳೆದವನು ಮನೆಗೆ ಹೋಗುತ್ತಾನೆ, ಎಳೆಯದವನು ಗದ್ದೆಗೆ ಇಳಿಯುತ್ತಾನೆ. ಎರಡು ಚಕ್ರದ ಟ್ರೇಲರ್ ಹೀಗಾದರೆ, ಬಯಲುಸೀಮೆಯಲ್ಲಿ ಕಬ್ಬು ಸಾಗಿಸುವ ನಾಲ್ಕು ಚಕ್ರದ ಟ್ರೇಲರ್ ಇನ್ನೂ ಕಷ್ಟ. ಅದರ ಮುಂದಿನ ಅಚ್ಚು ತಾನೇ ತಿರುಗುತ್ತದೆ, ಅಂದರೆ ಮುರಿಯುವ ಜಾಗ ಒಂದಲ್ಲ, ಎರಡು. ಎರಡು ಟ್ರೇಲರ್ ಕಟ್ಟಿದವನು ಓಣಿಯಲ್ಲಿ ರಿವರ್ಸ್ ಬರುವ ಮಾತೇ ಇಲ್ಲ. ಎದುರಿನವನೇ ಹೋಗಬೇಕು, ಅಲ್ಲಿ ಕಾನೂನು ಹೇಳಿ ಪ್ರಯೋಜನವಿಲ್ಲ.

ಪವರ್ ಟಿಲ್ಲರ್ ನಮ್ಮ ರಾಜ್ಯದಲ್ಲಿ ತಯಾರಾಗಲು ಶುರುವಾದದ್ದು ಬೆಂಗಳೂರಿನಲ್ಲಿ 1967ರಲ್ಲಿ ಹುಟ್ಟಿದ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯವರ ಜೊತೆ ಕೈಜೋಡಿಸಿದ ಮೇಲೆ. ಟಿಲ್ಲರಿಗೆ ಟ್ರೇಲರ್ ಕಟ್ಟಿ ಗೊಬ್ಬರ, ಸೊಪ್ಪು, ಅಡಿಕೆ ಗೊನೆ ಸಾಗಿಸದ ಮನೆ ನಮ್ಮಲ್ಲಿ ಕಡಿಮೆ. ಅದಕ್ಕೆ ಸ್ಟೇರಿಂಗ್ ಚಕ್ರವೇ ಇಲ್ಲ. ಎರಡು ಹಿಡಿಯ ಕೆಳಗೆ ಎರಡು ಕ್ಲಚ್. ಸಮತಟ್ಟಿನಲ್ಲಿ ಎಡ ಕ್ಲಚ್ ಹಿಡಿದರೆ ಎಡಕ್ಕೆ ತಿರುಗುವ ಯಂತ್ರ, ಕಡಿದಾದ ಇಳಿಜಾರಿನಲ್ಲಿ ಭಾರ ತಳ್ಳುವಾಗ ಅದೇ ಕ್ಲಚ್ ಹಿಡಿದರೆ ಬಲಕ್ಕೆ ಹೋಗುತ್ತದೆ! ಇದು ತಿಳಿಯದೆ ತೋಟದ ಅಗಳಿಗೆ ಇಳಿದವರು ಎಷ್ಟು ಜನ ಎಂದು ಇಲ್ಲಿ ಬರೆದರೆ ಸಂಚಿಕೆ ಸಾಲದು. ಟಿಲ್ಲರಿನಲ್ಲಿ ಟ್ರೇಲರ್ ಸಮೇತ ಓಣಿಯ ತಿರುವಿನಲ್ಲಿ ರಿವರ್ಸ್ ಬರಬಲ್ಲವನಿಗೆ ಬೇರೆ ಯಾವ ಗಾಡಿ ಕೊಟ್ಟರೂ ಓಡಿಸುತ್ತಾನೆ, ಇದು ನನ್ನ ಖಚಿತ ಅಭಿಪ್ರಾಯ.

ಈಗ ರಸ್ತೆಯ ಕಡೆ ಬರೋಣ. 2000ನೇ ಇಸವಿ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಪ್ರಾರಂಭವಾಯಿತು. ಹಳ್ಳಿ ಹಳ್ಳಿಗೆ ಡಾಂಬರು ಬಂತು, ಅದರ ಉಪಕಾರ ಮರೆಯುವಂತಿಲ್ಲ. ಆ ರಸ್ತೆಗಳ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ವಾಹನ ಕಡಿಮೆ ಇರುವ ಕಡೆ 3 ಮೀಟರ್. ಲೆಕ್ಕ ಹಾಕಿ ನೋಡಿ. ಬಸ್ಸು, ಲಾರಿಯ ಅಗಲ ಎರಡೂವರೆ ಮೀಟರ್ ಆಸುಪಾಸು. ಹಳೆಯ ಮಾರುತಿ 800 ಕಾರಿನ ಅಗಲ 1.44 ಮೀಟರ್. ಎರಡು ಮಾರುತಿಗಳು ಡಾಂಬರು ಬಿಡದೆ ದಾಟುತ್ತಿದ್ದವು. ಲಾರಿ ಮತ್ತು ಮಾರುತಿ ದಾಟಲಾರವು. ಈಗಿನ ದೊಡ್ಡ ಕಾರುಗಳು 1.8 ಮೀಟರ್ ಮೇಲಿವೆ, ಎರಡು ಕಾರೇ ಎದುರಾದರೂ ಕನ್ನಡಿ ಮಡಚಬೇಕು. ರಸ್ತೆ ಇದ್ದಷ್ಟೇ ಇದೆ, ಗಾಡಿಗಳು ದಪ್ಪವಾದವು.

ಇಂಜಿನಿಯರುಗಳಿಗೆ ಇದು ಗೊತ್ತಿಲ್ಲದ್ದಲ್ಲ. ಬೆಟ್ಟದ ಒಂಟಿ ರಸ್ತೆಯಲ್ಲಿ ಕಿಲೋಮೀಟರಿಗೆ ಎರಡು ಮೂರು ಕಡೆ, 20ರಿಂದ 30 ಮೀಟರ್ ಉದ್ದಕ್ಕೆ ಸೈಡ್ ಕೊಡುವ ಜಾಗ ಮಾಡಬೇಕು ಎಂದು ಅವರ ಕೈಪಿಡಿಯಲ್ಲೇ ಇದೆ. ಆದರೆ ಜಾಗ ಯಾರು ಬಿಡಬೇಕು? ಇಲ್ಲಿಗೆ ಬಂತು ನೋಡಿ ನಿಜವಾದ ವಿಷಯ. ಮೊದಲು ದಣಪೆಯ ಎದುರು ಗಾಡಿ ತಿರುಗುವಷ್ಟು ಬಿಟ್ಟಿದ್ದ ಜಾಗದಲ್ಲಿ ಈಗ ಕಲ್ಲು ಕಂಬ, ಮುಳ್ಳುತಂತಿ. ಮರದ ಬುಡದಲ್ಲಿ ಎರಡು ಸಾಲು ಅಡಿಕೆ ಸಸಿ. ಅಡಿಕೆಗೆ ದರ ಬಂದ ಮೇಲೆ ಒಂದು ಗುಂಡಿಯ ಜಾಗವೂ ಬಂಗಾರ, ಒಪ್ಪಿಕೊಳ್ಳೋಣ. ಕಾಂಕ್ರೀಟು ರಸ್ತೆ ಆದ ಕಡೆ ಅಂಚು ಅರ್ಧ ಅಡಿ ಎತ್ತರಕ್ಕೆ ನಿಂತಿದೆ, ಪಕ್ಕಕ್ಕೆ ಮಣ್ಣು ತುಂಬಿಸಿಲ್ಲ. ಚಕ್ರ ಕೆಳಗಿಳಿಸಿದರೆ ಮತ್ತೆ ಹತ್ತುವುದಿಲ್ಲ. 2019ರಲ್ಲಿ ಜಲಜೀವನ್ ಮಿಷನ್ ಬಂದ ಮೇಲೆ ಪೈಪಿಗಾಗಿ ರಸ್ತೆಯ ಪಕ್ಕವನ್ನೇ ಅಗೆದರು. ನೀರು ಬೇಕು, ಅಗೆಯಲೇಬೇಕು. ಆದರೆ ಮುಚ್ಚಿದ ಮಣ್ಣು ಒಂದೆರಡು ಮಳೆಗಾಲ ಮೆತ್ತಗೇ ಇರುತ್ತದೆ. ಮೇಲೆ ಹುಲ್ಲು ಬೆಳೆದಿರುತ್ತದೆ, ಕೆಳಗೆ ಕೆಸರು. ಹೊರಗಿನ ಡ್ರೈವರಿಗೆ ಅದು ಹೇಗೆ ಗೊತ್ತಾಗಬೇಕು?

ಹೊರಗಿನವರು ಈಗ ಹೆಚ್ಚಾಗಿದ್ದಾರೆ. ಮೊಬೈಲಿನ ಮ್ಯಾಪು ಹತ್ತಿರದ ದಾರಿ ಅಂತ ತೋರಿಸಿದ ಓಣಿಗೆ ಪ್ರವಾಸಿಗರ ಕಾರು ನುಗ್ಗುತ್ತದೆ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂದಿನ ಅಡ್ಡಿ ತಿಳಿಸುವ ಸೆನ್ಸರ್ ಕಡ್ಡಾಯವಾಗಿದೆ, ಕೆಲವಕ್ಕೆ ಕ್ಯಾಮರಾವೂ ಇದೆ. ಒಳ್ಳೆಯದೇ. ಆದರೆ ಆ ಸೆನ್ಸರು ದರೆ ಕಂಡರೆ ಕೂಗುತ್ತದೆ, ಚರಂಡಿ ಕಂಡರೆ ಕೂಗುವುದಿಲ್ಲ. ಎದುರಿಗೆ ಇರುವುದು ಅದಕ್ಕೆ ಕಾಣುತ್ತದೆ, ಇಲ್ಲದಿರುವುದು ಕಾಣುವುದಿಲ್ಲ. ಮೋರಿಯ ಪಕ್ಕದ ಹೊಂಡಕ್ಕೆ ಇಳಿದ ಕಾರುಗಳನ್ನು ನಮ್ಮ ಟ್ರ್ಯಾಕ್ಟರಿನಿಂದ ಎಳೆದು ಕೊಟ್ಟಿದ್ದೇವೆ. "ಏನೂ ಸೌಂಡೇ ಬರ್ಲಿಲ್ಲ ಸಾರ್" ಎನ್ನುವುದು ಅವರೆಲ್ಲರದೂ ಒಂದೇ ಮಾತು. ಪಕ್ಕದಲ್ಲಿ ಕೂತವರು ಇಳಿದು ಹಿಂದೆ ನಿಂತು "ಬರ್ಲಿ" ಅನ್ನಬಹುದಿತ್ತು. ಇಳಿಯುವುದಿಲ್ಲ, ಮಳೆ.

108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರ ನವೆಂಬರಿನಲ್ಲಿ. ಕೆಲವು ವರ್ಷದ ಹಿಂದೆ ಒಂದು ಮಳೆಗಾಲದ ರಾತ್ರಿ ಕೆರೆ ಏರಿಯ ಆಚೆ ಮನೆಯಿಂದ ಹೆರಿಗೆ ನೋವಿನ ಹೆಣ್ಣುಮಗಳನ್ನು ಕರೆದುಕೊಂಡು ಆಂಬುಲೆನ್ಸ್ ಹೊರಟಿತ್ತು. ಎದುರಿಗೆ ಬಾಳೆಗೊನೆ ತುಂಬಿದ ಪಿಕಪ್ಪು. ಹಳೆಯ ಸೈಡ್ ಕೊಡುವ ಜಾಗ ಪಿಕಪ್ಪಿನ ಹಿಂದೆ ಮೂವತ್ತು ಮಾರು ದೂರದಲ್ಲೇ ಇತ್ತು, ಆದರೆ ಅದಕ್ಕೆ ಬೇಲಿ ಬಿದ್ದು ಎರಡು ವರ್ಷ ಆಗಿತ್ತು. ಪಿಕಪ್ಪಿನ ಹುಡುಗ ಟಾರು ರಸ್ತೆಯವರೆಗೂ ರಿವರ್ಸ್ ಹೋದ. ಅರ್ಧ ಕಿಲೋಮೀಟರ್, ಕತ್ತಲು, ಹಿಂದಿನ ಲೈಟಿನಲ್ಲಿ ಏನೂ ಕಾಣದ ಮಳೆ. ಅವನ ಎಡ ಹಿಂಮೂಲೆಯಲ್ಲಿ ಟಾರ್ಚು ಹಿಡಿದು ಓಡುತ್ತಾ "ಬರ್ಲಿ" ಎಂದು ಕೂಗಿದವರು ಆ ಬೇಲಿ ಹಾಕಿದ ಮನೆಯ ಯಜಮಾನರೇ. ತಾಯಿ ಮಗು ಕ್ಷೇಮವಾಗಿ ಮನೆಗೆ ಬಂದರು. ಮುಂದಿನ ವಾರ ಆ ಬೇಲಿ ಆರು ಅಡಿ ಒಳಗೆ ಸರಿಯಿತು. ಯಾರೂ ಅರ್ಜಿ ಕೊಡಲಿಲ್ಲ, ಅಳತೆಯವರನ್ನು ಕರೆಸಲಿಲ್ಲ.

ಸಂಘದ ಗೊಬ್ಬರದ ವಿಚಾರವೂ ಇಷ್ಟೇ. ಹತ್ತು ಟನ್ನಿನ ಲೋಡು ಎಂದರೆ 50 ಕಿಲೋ ಚೀಲ 200. ಯೂರಿಯ ಚೀಲ 2018ರಿಂದ 45 ಕಿಲೋಗೆ ಇಳಿದಿದೆ, ಹಾಗಾಗಿ ಚೀಲದ ಲೆಕ್ಕ ಇನ್ನೂ ಜಾಸ್ತಿ. ಲಾರಿ ಗೋದಾಮಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರೆ ಒಂದು ಇಳಿಸುವ ಕೂಲಿ. ಓಣಿಗೆ ನುಗ್ಗಲು ಡ್ರೈವರು ಒಪ್ಪದೆ ಟಾರು ರಸ್ತೆಯಲ್ಲೇ ನಿಲ್ಲಿಸಿದರೆ ಅಲ್ಲಿ ಇಳಿಸಿ, ಟ್ರ್ಯಾಕ್ಟರಿಗೆ ತುಂಬಿ, ಮತ್ತೆ ಇಲ್ಲಿ ಇಳಿಸಬೇಕು. ಆ ಕೂಲಿ ಬೀಳುವುದು ಸದಸ್ಯರ ತಲೆಯ ಮೇಲೆಯೇ. ಗೋದಾಮಿನ ಎದುರು ತಿರುಗಿಸಲು ಜಾಗ ಕಡಿಮೆ ಇರುವುದರಿಂದ ತಿಳಿದ ಡ್ರೈವರುಗಳು ತಿರುವಿನಿಂದಲೇ ಲಾರಿ ತಿರುಗಿಸಿಕೊಂಡು ಕಡೆಯ ನೂರು ಮಾರು ರಿವರ್ಸಿನಲ್ಲಿ ಬರುತ್ತಾರೆ. ಹೋಗುವಾಗ ಸೀದಾ ಹೋಗಬಹುದಲ್ಲ. ಆ ಹೊತ್ತಿಗೆ ನಮ್ಮ ಹಮಾಲಿಗಳು ಮೊದಲೇ ತಿರುವಿಗೆ ಹೋಗಿ ನಿಂತಿರುತ್ತಾರೆ, ಒಬ್ಬರು ಎಡ ಹಿಂಮೂಲೆಗೆ, ಒಬ್ಬರು ಮುಂದಿನ ದರೆಯ ಕಡೆಗೆ. ಹೊಸ ಡ್ರೈವರು ಬಂದರೆ ಅವರ ದನಿ ಕೇಳಿಯೇ ಧೈರ್ಯ ತಂದುಕೊಳ್ಳುತ್ತಾನೆ.

ಕಳೆದ ಸರ್ವಸದಸ್ಯರ ಸಭೆಯಲ್ಲಿ ಈ ದಾರಿಯಲ್ಲಿ ನಾಲ್ಕು ಕಡೆ ಸೈಡ್ ಕೊಡುವ ಜಾಗ ಮಾಡಬೇಕು, ಕಾಂಕ್ರೀಟಿನ ಅಂಚಿಗೆ ಮಣ್ಣು, ಜಲ್ಲಿ ತುಂಬಿಸುವ ಖರ್ಚು ಸಂಘ ಕೊಡಬೇಕು ಎಂದು ಮಾತಾಯಿತು. ಮೋರಿಯ ಹತ್ತಿರ, ಕೆರೆ ಏರಿಯ ತುದಿಯಲ್ಲಿ, ಶಾಲೆಯ ಕೆಳಗೆ, ಈ ಮೂರು ಕಡೆ ಜಮೀನಿನವರು ಒಪ್ಪಿ ಕೆಲಸವೂ ಮುಗಿದಿದೆ. ನಾಲ್ಕನೆಯದು ಗೋದಾಮಿಗೆ ಬರುವ ತಿರುವಿನ ಒಳಮಗ್ಗುಲು. ಅಲ್ಲಿ ಬೇಕಾದದ್ದು ಎಂಟು ಅಡಿ, ಹೋಗುವುದು ಹನ್ನೊಂದು ಅಡಿಕೆ ಮರ. ಮರದ ಬೆಲೆ ಕಟ್ಟಿ ಕೊಡಲು ಆಡಳಿತ ಮಂಡಳಿ ತಯಾರಿದೆ. ಜಮೀನಿನ ಯಜಮಾನರು ನಮ್ಮ ಹಳೆಯ ಸದಸ್ಯರು, ಈ ಸಂಚಿಕೆ ಅವರ ಮನೆಗೂ ಹೋಗುತ್ತದೆ. ಗೊಬ್ಬರದ ಮೊದಲ ಲಾರಿ ಮೇ ಕೊನೆಯ ವಾರಕ್ಕೆ ಬರುವುದಿದೆ.